ಹರಗೋಲು ಏರಿದ ಕ್ಯಾಮೆರಾ

ಈ ಎಲ್ಲ ರಾಮಾಯಣಕ್ಕೆ ಮೂಲ ಯಾವುದೆಂದರೆ ಸಣ್ಣಕೊಪ್ಪದ ಪಂಚಾಯ್ತಿ ಚೇರ್ಮನ್ ಶಂಭುಲಿಂಗಪ್ಪನವರ ಬೋಳು ನೆತ್ತಿ. ಹೋದ ವರ್ಷ ಊರ ಕೆರೆ ತುಂಬಿ ಕೋಡಿ ಬಿದ್ದಾಗ ಅವರು ಗಂಗವ್ವನಿಗೆ ಮೊರದಲ್ಲಿ ಬಾಗಿನ ಬಿಟ್ಟು ಉಡಿ ತುಂಬಿಸಿ, ಫೋಟೊ ತೆಗೆಯಲು ಊರಿನವನೇ ಆದ ಮಡಿವಾಳೆಪ್ಪನಿಗೆ ಹೇಳಿದ್ದರು. ಕೆರೆಗೆ ಉಡಿ ತುಂಬುವವರು ಕೆರೆಯ ಕಡೆಗೇ ಮುಖ ಮಾಡಿ ನಿಲ್ಲಬೇಕಲ್ಲ? ಹಿಂದೆ ದಂಡೆಯ ಮೇಲೆ ನಿಂತಿದ್ದ ಮಡಿವಾಳೆಪ್ಪನಿಗೆ ಸಿಕ್ಕಿದ್ದು ಐವರು ಮುತ್ತೈದೆಯರ ತುರುಬು ಮತ್ತು ಬಿಸಿಲಿಗೆ ಫಳಫಳ ಹೊಳೆಯುವ ಚೇರ್ಮನ್ನರ ನೆತ್ತಿ.

ಫೋಟೊ ನೋಡಿ ಚೇರ್ಮನ್ನರು ಕೆಂಡವಾದರು. "ಲೇ ಮಡಿವಾಳೆಪ್ಪಾ, ನಾ ಚೇರ್ಮನ್ ಅದೀನೋ, ಬೋರಲ ಹಾಕಿದ ಗಡಗಿ ಅದೀನೋ? ಈ ವರ್ಷ ನನ್ನ ಮಾರಿ ಬರಬೇಕು. ಅದೂ ವಿಡಿಯೋದಾಗ ಬರಬೇಕು. ಹೆಂಗ ತರ್ತೀಯೋ ನನಗ ಗೊತ್ತಿಲ್ಲ."

ಬೇರೆ ಯಾರಾದರೂ ಆಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದರು. ಮಡಿವಾಳೆಪ್ಪ ಒಳಗೊಳಗೇ ಕುಣಿದ. ಯಾಕೆಂದರೆ ಈ ವರ್ಷದ ಐವರು ಮುತ್ತೈದೆಯರಲ್ಲಿ ಅವನ ಹೆಂಡತಿ ಕಸ್ತೂರೆವ್ವನೂ ಒಬ್ಬಳು.

ಕಲಘಟಗಿಯ ಬಸ್ ಸ್ಟ್ಯಾಂಡಿನ ಬಾಜೂ ಅವನ ಸ್ಟುಡಿಯೋ. ಸುತ್ತಲಿನ ಹಳ್ಳಿಗಳ ಮದುಮಕ್ಕಳು, ಹಲ್ಲಿಲ್ಲದ ಕೂಸುಗಳು, ಮಿಲಿಟರಿಗೆ ಹೊರಟ ಹುಡುಗರು, ಎಲ್ಲರೂ ಅದರ ಗೋಡೆಯ ಮೇಲೆ ಇದ್ದರು. ಕಸ್ತೂರೆವ್ವ ಮಾತ್ರ ಇರಲಿಲ್ಲ. ಅವರ ಲಗ್ನದ್ದೂ ಒಂದು ಫೋಟೊ ಇಲ್ಲ. ಆ ಸೀಮೆಗೆ ಇದ್ದ ಒಬ್ಬನೇ ಫೋಟೊದವನು ಅವತ್ತು ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದ, ಇನ್ನು ತೆಗೆಯುವವರು ಯಾರು?

ಆಮೇಲಾದರೂ ತೆಗೆಯೋಣವೆಂದರೆ ಅವಳು ಸಿಗಬೇಕಲ್ಲ. "ಸ್ಟೂಲಿನ ಮ್ಯಾಲ ಒಂದ ನಿಮಿಷ ಕುಂಡ್ರು" ಎಂದರೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇಲ್ಲವೇ ತಲೆ ಬಾಚಿರುತ್ತಿರಲಿಲ್ಲ. ಕದ್ದು ತೆಗೆಯಲು ಹೋದರೆ ಕ್ಯಾಮೆರಾ ಕಂಡ ಕೂಡಲೇ ಸೆರಗು ಮುಖದ ಮೇಲೆ ಬರುತ್ತಿತ್ತು. ಮೊದಮೊದಲು ಮಡಿವಾಳೆಪ್ಪ ನಕ್ಕ. ಆಮೇಲೆ ಸಿಟ್ಟಾದ. ಈಚೆಗೆ ಅವನಿಗೆ ನಿಜವಾಗಿಯೂ ಹೆದರಿಕೆ ಹತ್ತಿತ್ತು. ಹೆಂಡತಿಗೆ ತನ್ನ ಮೇಲೆ ಮನಸ್ಸೇ ಇಲ್ಲವೇನೋ, ಇವನ ಮುಂದೆ ಎಂಥ ನಗು ಎಂದುಕೊಂಡಿದ್ದಾಳೋ ಏನೋ. ಬಾಯಿಬಿಟ್ಟು ಕೇಳಲು ಮಾತ್ರ ಧೈರ್ಯವಿರಲಿಲ್ಲ.

ಈಗ ದೇವರೇ ದಾರಿ ತೋರಿಸಿದ್ದ. ಕ್ಯಾಮೆರಾ ದಂಡೆಯ ಮೇಲೆ ಬೇಡ, ಕೆರೆಯೊಳಗೇ ಇರಲಿ. ಚೇರ್ಮನ್ನರ ಮುಖ ಬರುತ್ತದೆ, ಕಸ್ತೂರೆವ್ವನ ಮುಖವೂ ಬರುತ್ತದೆ. ಎರಡೂ ಕೈಯಲ್ಲಿ ಉಡಿಯ ಮೊರ ಹಿಡಿದವಳು ಸೆರಗು ಎಳೆದುಕೊಳ್ಳುವುದು ಹೇಗೆ? ಗಂಗವ್ವನಿಗೆ ಬೆನ್ನು ತಿರುಗಿಸುವಂತೆಯೂ ಇಲ್ಲ. ಹುಬ್ಬಳ್ಳಿಯ ಗೆಳೆಯನ ಗಲ್ಲ ಹಿಡಿದು ಮಡಿವಾಳೆಪ್ಪ ಒಂದು ದಿನದ ಮಟ್ಟಿಗೆ ವಿಡಿಯೋ ಕ್ಯಾಮೆರಾ ತಂದ.

ತಂದದ್ದು ಒಂದು ಸಾಮಾನಲ್ಲ, ಒಂದು ಸಂಸಾರ. ಹೆಗಲ ಮೇಲೆ ಹೊರುವ ಕ್ಯಾಮೆರಾ, ಅದರ ಬಾಲದಂಥ ವೈರು, ವೈರಿನ ತುದಿಗೆ ಟ್ರಂಕಿನಂಥ ರೆಕಾರ್ಡರು, ಅದಕ್ಕೊಂದು ಬ್ಯಾಟರಿ, ಮೇಲೆ ಮೂರು ಕಾಲಿನ ಸ್ಟ್ಯಾಂಡು. ಕೆರೆಯಲ್ಲಿ ಇದ್ದದ್ದೋ ಒಂದೇ ಹರಗೋಲು. ಬಿದಿರು ಹೆಣೆದು, ತಳಕ್ಕೆ ಡಾಂಬರು ಬಳಿದ ದುಂಡನೆಯ ಬುಟ್ಟಿ ಅದು. ಅದರಲ್ಲಿ ಕೂತು ಮೀನು ಹಿಡಿಯುವ ಇಮಾಮಹುಸೇನ ಸಾಮಾನೆಲ್ಲ ನೋಡಿ ಕೇಳಿದ, "ಅಣ್ಣಾರ, ವಿಡಿಯೋ ತೆಗ್ಯಾಕ ಹೊಂಟೀರೋ, ಮನಿ ಖಾಲಿ ಮಾಡಿ ಗೋವಾಕ್ಕ ಹೊಂಟೀರೋ?"

ಸ್ಟ್ಯಾಂಡು ಇಟ್ಟರೆ ಅದರ ಚೂಪು ಕಾಲುಗಳು ತಳಕ್ಕೆ ತೂತು ಹಾಕುತ್ತವೆ ಎಂದ. ದಂಡೆಯ ಮೇಲೆ ಆಗಲೇ ಅರ್ಧ ಊರು ಸೇರಿತ್ತು, ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಿದ್ದರು. ಕೊನೆಗೆ ಗೆದ್ದದ್ದು ಐವರು ಮುತ್ತೈದೆಯರಲ್ಲಿ ಹಿರಿಯಳಾದ, ಮಡಿವಾಳೆಪ್ಪನ ನೆರೆಮನೆಯ ಗೌರಕ್ಕ.

"ತಮ್ಮಾ, ನನ್ನ ಬೀಸುಕಲ್ಲ ಒಯ್ಯಿ. ಎಲ್ಲಾರೂ ಗಿರಣಿಗೆ ಹೊಂಟ ಮ್ಯಾಲ ಅದಕ್ಕೂ ಕೆಲಸ ಇಲ್ಲ. ಕಲ್ಲಿಗೆ ಸ್ಟ್ಯಾಂಡ್ ಕಟ್ಟಿದ್ರ ಯಾವ ಗಾಳಿಗೂ ಅಳ್ಳಾಡಂಗಿಲ್ಲ."

ನಾಲ್ಕು ಮಂದಿ ಕಲ್ಲು ಹೊತ್ತು ತಂದರು. ಹರಗೋಲಿನ ತಳಕ್ಕೆ ಕೌದಿ ಹಾಸಿ, ಕೌದಿಯ ಮೇಲೆ ಕಲ್ಲಿಟ್ಟು, ಕಲ್ಲಿಗೆ ಹೊರಸಿನ ಹಗ್ಗದಿಂದ ಸ್ಟ್ಯಾಂಡಿನ ಮೂರೂ ಕಾಲು ಬಿಗಿದು, ಮೇಲೆ ಕ್ಯಾಮೆರಾ ಕೂಡಿಸಿದಾಗ ಹರಗೋಲು ಉಸ್ಸೆಂದು ಒಂದು ಗೇಣು ಕೆಳಗಿಳಿಯಿತು.

ಮಡಿವಾಳೆಪ್ಪ ಹಿಂದೆ ನಿಂತು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ. ಇಮಾಮಹುಸೇನ ಮುಂದೆ ಕೂತು ಹುಟ್ಟು ಹಾಕಿದ. ಹರಗೋಲಿನ ಗುಣವೇ ತಿರುಗುವುದು, ಅದು ಗಿರಗಿರ ತಿರುಗತೊಡಗಿತು. ಮಡಿವಾಳೆಪ್ಪನ ಕಣ್ಣ ಮುಂದೆ ಆಲದ ಮರ, ಎಮ್ಮೆ, ಚೇರ್ಮನ್ನರು, ಬರೇ ನೀರು, ಮತ್ತೆ ಆಲದ ಮರ, ಮತ್ತೆ ಎಮ್ಮೆ ಹಾದುಹೋದವು.

"ನನ್ನ ಮಾರಿ ಬಂತೇನೋ?" ಎಂದು ಚೇರ್ಮನ್ನರು ದಂಡೆಯಿಂದ ಕೂಗಿದರು.

"ಬಂತ್ರೀ!... ಹೋತ್ರೀ!... ಬಂತ್ರೀ!... ಯಪ್ಪಾ, ಮತ್ತ ಹೋತ್ರೀ!"

"ನಿಂದರಸೋ ಅದನ್ನ! ಮಗ್ಗಲಮನಿ ಎಮ್ಮಿಗೂ ನನಗೂ ಪಾಳಿ ಹಚ್ಚೀಯೇನು?"

ಹರಗೋಲನ್ನು ದಂಡೆಗೆ ಎಳೆದು ಎರಡು ಕಡೆ ಹಗ್ಗ ಹಾಕಿದರು. ಒಂದನ್ನು ಆಲದ ಬೇರಿಗೆ ಕಟ್ಟಿದರು, ಇನ್ನೊಂದನ್ನು ದಂಡೆಯ ಮೇಲೆ ನಿಂತ ಚಕ್ಕಡಿಗೆ. ಮತ್ತೆ ನೀರಿಗೆ ತಳ್ಳಿದಾಗ ತಿರುಗುವುದು ನಿಂತಿತ್ತು. ಅಷ್ಟರಲ್ಲಿ ಪೂಜೆಗೆ ಬಂದ ಹಲಗೆ ವಾದ್ಯದವರು ಬಾರಿಸಿದ್ದೇ ತಡ, ಚಕ್ಕಡಿಯ ಎತ್ತುಗಳು ಬೆದರಿ ಊರ ದಾರಿ ಹಿಡಿದವು. ಹಿಂದೆ ಹರಗೋಲೂ ಹೊರಟಿತು. ಮಡಿವಾಳೆಪ್ಪ ಗೆಳೆಯನ ಕ್ಯಾಮೆರಾವನ್ನು ಹಸುಗೂಸಿನಂತೆ ಅವಚಿಕೊಂಡು, "ಹಗ್ಗಾ ಹಗ್ಗಾ!" ಎಂದು ಬೊಬ್ಬೆ ಹೊಡೆದ. ದಂಡೆಯ ಕಲ್ಲಿಗೆ ಬಡಿದು ಹರಗೋಲು ನಿಂತಿತು. ಕ್ಯಾಮೆರಾ ಉಳಿಯಿತು, ಬ್ಯಾಟರಿ ಮಾತ್ರ ನೀರಿಗೆ ಬಿತ್ತು.

ಚೇರ್ಮನ್ನರು ಹಿಂದೆ ಮುಂದೆ ನೋಡದೆ ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿದರು. ಅದನ್ನು ಇಮಾಮಹುಸೇನನ ಕಾಲ ಬುಡದಲ್ಲಿ ಇಟ್ಟಾಗ ಹರಗೋಲು ಇನ್ನೊಂದು ಗೇಣು ಇಳಿಯಿತು.

ಚಕ್ಕಡಿಯ ಹಗ್ಗವನ್ನು ಈ ಸಲ ದಂಡೆಯ ಕಲ್ಲಿಗೆ ಕಟ್ಟಿದರು, ಕೊನೆಗೊಮ್ಮೆ ಎಲ್ಲ ಹೊಂದಿತು. ಮಡಿವಾಳೆಪ್ಪ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ನೋಡಿದ. ನೀರಿಗೆ ಹತ್ತಿದ ಕಡೆಯ ಮೆಟ್ಟಿಲ ಮೇಲೆ ಮೊರ ಹಿಡಿದ ಮುತ್ತೈದೆಯರು, ಅವರ ಹಿಂದಿನ ಮೆಟ್ಟಿಲುಗಳ ಮೇಲೆ ಚೇರ್ಮನ್ನರು ಮತ್ತು ಊರ ಹಿರಿಯರು, ಎಲ್ಲರೂ ನೆತ್ತಿಯಿಂದ ಹಿಡಿದು ಕಾಲಿನವರೆಗೆ ಚೌಕಟ್ಟಿನೊಳಗೆ ಚೊಕ್ಕ ಹಿಡಿದಿದ್ದರು. ಸ್ಟ್ಯಾಂಡಿನ ಎಲ್ಲ ತಿರುಪುಗಳನ್ನೂ ಇಕ್ಕಳದಿಂದ ಬಿಗಿದುಬಿಟ್ಟ. ನಡುವೆ ಕಸ್ತೂರೆವ್ವ, ಹಸಿರು ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ಸೆರಗು ಎಳೆಯಲು ಕೈ ಇರಲಿಲ್ಲ, ಆದರೂ ತಲೆ ಬಗ್ಗಿಸಿ ನಿಂತಿದ್ದಳು. ಮಡಿವಾಳೆಪ್ಪ ಕೆಂಪು ಗುಂಡಿ ಒತ್ತಿದ. ದೀಪ ಹತ್ತಿತು.

"ಅಣ್ಣಾರ," ಎಂದು ಇಮಾಮಹುಸೇನ ಮೆಲ್ಲಗೆ ಕರೆದ. "ನೀರು ಅಂಚಿಗೆ ಬಂದೈತ್ರಿ. ಕಲ್ಲರ ಇಳೀಬೇಕು, ನೀವರ ಇಳೀಬೇಕು."

ಕಲ್ಲು ಇಳಿದರೆ ಕ್ಯಾಮೆರಾ ಇಲ್ಲ. ಇಮಾಮಹುಸೇನ ಇಳಿದರೆ ಹರಗೋಲು ಹಿಡಿಯುವವರಿಲ್ಲ. ಮಡಿವಾಳೆಪ್ಪ ಧೋತರ ಮೇಲೆ ಕಟ್ಟಿ ಹಿಂದಿನಿಂದ ಮೆಲ್ಲಗೆ ನೀರಿಗೆ ಇಳಿದ. ನಡುಮಟ್ಟ ನೀರು, ಕೆಳಗೆ ರಾಡಿ. ಎರಡು ಸಲ ಮುಗ್ಗರಿಸಿ, ಒಂದು ಸಲ ಮುಳುಗಿ, ಬಳಸಿಕೊಂಡು ಮೆಟ್ಟಿಲಿಗೆ ಬಂದು ಮುತ್ತೈದೆಯರ ಸಾಲಿನ ಬದಿಗೆ ನಿಂತ. ತೊಟಗುಡುವ ನೀರು, ತಲೆಯ ಮೇಲೆ ಪಾಚಿ. ಅವನನ್ನು ನೋಡಿ ಊರೆಲ್ಲ ನಕ್ಕಿತು, ಕಸ್ತೂರೆವ್ವ ನಗಲಿಲ್ಲ.

"ಕಸ್ತೂರಿ, ಒಂದ ಸಲ ತಲಿ ಎತ್ತ," ಎಂದು ಅವನು ಪಿಸುಗುಟ್ಟಿದ. "ನಿನ್ನ ಕೈ ಮುಗೀತೀನಿ."

"ಮೊದಲ ನೀವ ನನ್ನ ಬಾಜೂ ಬಂದ ನಿಂದರ್ರಿ."

"ನಾ ಯಾಕ? ಮೈಯೆಲ್ಲಾ ರಾಡಿ ಆಗೇತಿ."

"ರಾಡಿ ಇದ್ರ ಇರ್ಲಿ, ಬರ್ರಿ." ಅವಳು ಮೊರ ತುಸು ಸರಿಸಿ ಜಾಗ ಮಾಡಿದಳು. "ಇಷ್ಟ ವರ್ಷ ನನ್ನ ಒಬ್ಬಾಕಿನ್ನ ಸ್ಟೂಲಿನ ಮ್ಯಾಲ ಕುಂಡ್ರಸಾಕ ಬಂದ್ರಿ. ಒಬ್ಬಾಕಿ ಹೆಣ್ಮಗಳ ಫೋಟೊ ಗ್ವಾಡಿಗೆ ಯಾವಾಗ ಹಾಕ್ತಾರ್ರಿ? ಸತ್ತ ಮ್ಯಾಲ, ಮಾಲಿ ಹಾಕಾಕ. ನಮ್ಮವ್ವಂದು ಹಂಗ ಐತಿ. ನನಗ ನಿಮ್ಮ ಜೋಡಿ ನಿಂತದ್ದು ಬೇಕಾಗಿತ್ತು."

ಮಡಿವಾಳೆಪ್ಪ ಕಣ್ಣು ಪಿಳುಕಿಸಿದ. "ಮೊದಲ ಹೇಳಬಾರದೇನ?"

"ಯಾವಾಗ ನೋಡಿದ್ರೂ ಕ್ಯಾಮೆರಾದ ಹಿಂದ ಇರೋರಿಗೆ ಏನಂತ ಹೇಳ್ಲಿ?"

ಅವನಿಗೆ ಅಳುವೂ ಬಂತು, ನಗುವೂ ಬಂತು. ಇಷ್ಟು ವರ್ಷದ ಹೆದರಿಕೆ ಒಂದು ಮಾತಿನಲ್ಲಿ ಇಳಿದುಹೋಗಿತ್ತು. ಹೋಗಿ ಅವಳ ಬಾಜೂ ನಿಂತ. ಅವಳ ತಲೆ ಅವನ ಎದೆಮಟ್ಟಕ್ಕೆ ಬರುತ್ತಿತ್ತು. ಅವಳು ತಲೆ ಎತ್ತಿ ಅವನನ್ನು ನೋಡಿ, ಅವನ ಹಣೆಯ ಮೇಲಿನ ಪಾಚಿ ನೋಡಿ, ಬಾಯ್ತುಂಬ ನಕ್ಕಳು. ಇಬ್ಬರೂ ಕೂಡಿ ಮೊರ ನೀರಿಗೆ ಬಿಟ್ಟರು. ಮಡಿವಾಳೆಪ್ಪ ಕ್ಯಾಮೆರಾದ ಕೆಂಪು ದೀಪ ನೋಡಿಕೊಂಡು ಎದೆಯುಬ್ಬಿಸಿ ನಿಂತ. ಅದು ಆರಿರಲಿಲ್ಲ.

ಸಂಜೆ ಚೇರ್ಮನ್ನರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೇರ್ಮನ್ನರು ಇಸ್ತ್ರಿ ಅಂಗಿ ಹಾಕಿಕೊಂಡು ಟೀವಿಯ ಮುಂದೆ ಕೂತರು. ಕ್ಯಾಸೆಟ್ಟು ತಿರುಗಿತು. ಕೆರೆ ಬಂತು, ಮೆಟ್ಟಿಲು ಬಂತು, ಮುತ್ತೈದೆಯರು ಸಾಲಾಗಿ ನಿಂತಿದ್ದರು. "ಅಯ್ಯ, ನಾನಽ! ನನ್ನ ಕೊರಳಾನ ಬೋರಮಾಳ ಸುದ್ದಾ ಕಾಣಾಕತ್ತೈತಿ!" ಎಂದು ಗೌರಕ್ಕ ಚಪ್ಪಾಳೆ ತಟ್ಟಿದಳು.

ಚೇರ್ಮನ್ನರು ಹಿಂದಿನ ಸಾಲಿನಲ್ಲಿ ತಮ್ಮ ಮುಖ ಹುಡುಕುವಷ್ಟರಲ್ಲಿ ಚಿತ್ರ ಒಮ್ಮೆ ಮುಂದಕ್ಕೆ ಬಾಗಿತು, ಬಾಗಿದ್ದು ಹಾಗೇ ನಿಂತಿತು. ಕೆಳಗಿನ ಮೆಟ್ಟಿಲ ಹೆಂಗಸರೆಲ್ಲ ಮೊದಲಿನಂತೆಯೇ ಇದ್ದರು. ಅವರ ಹಿಂದೆ ಅಂಗಿಗಳಿದ್ದವು, ಧೋತರಗಳಿದ್ದವು, ಮುಗಿದ ಕೈಗಳಿದ್ದವು. ಒಂದಕ್ಕೂ ತಲೆ ಇರಲಿಲ್ಲ. ಸಣ್ಣಕೊಪ್ಪದ ಗಂಡಸರು ಅಷ್ಟೂ ಮಂದಿ ಕೊರಳಿಗೇ ಮುಗಿದಿದ್ದರು.

ಹೆಂಗಸರ ಕಡೆಯಿಂದ ಎದ್ದ ನಗೆಗೆ ಹಂಚು ಹಾರುವುದೊಂದು ಬಾಕಿ.

"ನನ್ನ ತಲಿ ಎಲ್ಲೈತೋ?" ಎಂದು ಚೇರ್ಮನ್ನರು ಎದ್ದು ನಿಂತರು.

"ಹೋದ ವರ್ಷ ಹಿಂಬದಿಯರ ಇತ್ತು ಬಿಡ್ರಿ," ಎಂದಳು ಗೌರಕ್ಕ. "ಮಿಷನ್ನು ಸುಳ್ಳ ಹೇಳಂಗಿಲ್ಲ. ಊರಾಗ ಯಾರಿಗೆ ತಲಿ ಐತಿ, ಯಾರಿಗಿಲ್ಲ, ಖರೇ ತೋರ್ಸೇತಿ."

ಮಡಿವಾಳೆಪ್ಪನಿಗೆ ಆಗ ಹೊಳೆಯಿತು. ಎಲ್ಲ ನೋಡಿ ತಿರುಪು ಬಿಗಿದಾಗ ಹರಗೋಲಿನ ಹಿಂದೆ ಅವನು ನಿಂತಿದ್ದ. ಅವನು ಇಳಿದ, ಹಿಂದಿನ ಭಾರ ಹೋಯಿತು, ಮುಂದಿನ ಬ್ಯಾಟರಿಯೂ ಇಮಾಮಹುಸೇನನೂ ಸೇರಿ ಹರಗೋಲನ್ನು ಬಗ್ಗಿಸಿದರು, ಕ್ಯಾಮೆರಾ ತಲೆ ತಗ್ಗಿಸಿತು.

ಅಷ್ಟರಲ್ಲಿ ಟೀವಿಯಲ್ಲಿ ಕಸ್ತೂರೆವ್ವ ತಲೆ ಎತ್ತಿದಳು. ಎಂಥ ನಗು ಅದು! ಅವನು ಕನಸಿನಲ್ಲೂ ತೆಗೆಯದಂಥ ಚಿತ್ರ. ಅವಳು ಕಣ್ಣು ಅರಳಿಸಿ ಮೇಲೆ ನೋಡುತ್ತಿದ್ದಳು. ಬಾಜೂ ಒಂದು ಒದ್ದೆ ಅಂಗಿ ಎದೆಯುಬ್ಬಿಸಿ ನಿಂತಿತ್ತು.

"ನಾಳೆ ಇನ್ನೊಮ್ಮೆ ಉಡಿ ತುಂಬಸೂಣು!" ಎಂದು ಚೇರ್ಮನ್ನರು ಗುಡುಗಿದರು.

"ಗಂಗವ್ವಗ ದಿನಾ ಉಡಿ ತುಂಬ್ತಾರೇನ್ರಿ, ನಿಮ್ಮ ಮಾರಿ ಸಲುವಾಗಿ?" ಎಂದು ಗೌರಕ್ಕ ಗದರಿದಳು. "ಇನ್ನ ಮುಂದಿನ ಮಳಿಗಾಲಕ್ಕ. ಲೇ, ಅದನ್ನ ಇನ್ನೊಮ್ಮೆ ಹಚ್ಚ್ರಿ, ಚಂದ ಐತಿ."

ಮನೆಗೆ ನಡೆಯುವಾಗ ಮಡಿವಾಳೆಪ್ಪ ಹೇಳಿದ, "ಕಸ್ತೂರಿ, ನಾಳೆ ಸ್ಟುಡಿಯೋಕ್ಕ ಬಾ. ಇಬ್ರೂ ಕೂಡಿ ನಿಂದ್ರೂಣು."

"ಇಬ್ರೂ ನಿಂತ್ರ ತೆಗ್ಯಾವ್ರ ಯಾರ್ರಿ?"

"ಹಂಗಾರ ಹುಬ್ಬಳ್ಳಿಗೆ ಹೋಗೂಣು."

"ಫೋಟೊದವರ ಹೆಂಡ್ತಿ ಇನ್ನೊಬ್ಬರ ಅಂಗಡ್ಯಾಗ ನಿಂದ್ರೂದೇನ? ನಿಮ್ಮ ಅಂಗಡಿಗೆ ಯಾರ ಬರ್ತಾರ ಆಮ್ಯಾಲೆ?" ಅವಳು ಅವನ ಅಂಗಿಯ ತೋಳಿಗೆ ಅಂಟಿದ ಒಣ ರಾಡಿ ಉದುರಿಸಿದಳು. "ಇರ್ಲಿ ಬಿಡ್ರಿ. ಮುಂದಿನ ವರ್ಷ ಕೆರಿ ತುಂಬತೈತಿ. ಆವಾಗ ನೀವು ನನಗಿಂತ ಒಂದ ಮೆಟ್ಟಲಾ ಕೆಳಗ ನಿಂದರ್ರಿ, ಇಬ್ರದೂ ಮಾರಿ ಬರ್ತಾವ."

ಮಡಿವಾಳೆಪ್ಪ ಯೋಚಿಸಿದ. "ನೀ ನಿಂತದ್ದ ಕಡೀ ಮೆಟ್ಟಲಾ ಅಲ್ಲೇನ? ಅದರ ಕೆಳಗ ಬರೇ ನೀರ ಐತಲ್ಲ?"

"ಹೌದ್ರಿ," ಎಂದಳು ಕಸ್ತೂರೆವ್ವ. "ನೀರಾಗ ನಿಂದ್ರೂದು ನಿಮಗೀಗ ರೂಢಿ ಆಗೇತೆಲ್ಲ."