ಏಳು ಬೀಗದ ಕೋಟೆಯ ನಲವತ್ತೊಂದು ತಪ್ಪುಗಳು

ಕಾದಂಬರಿ ಬರೆದವರು ಟಿ.ವಿ. ನೋಡಿಯೇ ಬರೆದಿರಬೇಕೆಂದು ರಂಜಿತ್ ತಿಳಿದುಕೊಂಡಿದ್ದ. ತಿಳಿದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವನು ಬಿ.ಸಿ. ರೋಡಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ತಪ್ಪು ಕಂಡರೆ ಬೆರಳುಗಳು ಮಾತು ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಏಳು ಬೀಗದ ಕೋಟೆ’ ಎಂಬ ಹಿಂದಿ ಮಾಯಾಜಾಲದ ಧಾರಾವಾಹಿ ಬರುತ್ತಿತ್ತು. ಅದೇ ಕಥೆಯ ಕಾದಂಬರಿ, ಕನ್ನಡ ಅನುವಾದ, ನಾಲ್ಕು ಭಾಗ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಹಳೆ ಪುಸ್ತಕದವನಲ್ಲಿ ಅವನಿಗೆ ಸಿಕ್ಕಿತು. ಎರಡನ್ನೂ ತಾಳೆ ನೋಡಿದ. ಕಾದಂಬರಿಯಲ್ಲಿ ನಲವತ್ತೊಂದು ತಪ್ಪುಗಳಿದ್ದವು. ಪುಟಸಂಖ್ಯೆ ಸಹಿತ ಟೈಪು ಮಾಡಿ ಪ್ರಕಾಶಕರಿಗೆ ಕಳಿಸಿದ. ಹದಿನೈದು ದಿನಗಳೊಳಗೆ ತಿದ್ದದಿದ್ದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದು ಕೊನೆಯಲ್ಲಿ ಸೇರಿದ್ದು ಅಭ್ಯಾಸಬಲದಿಂದ.

ಕ್ಷಮಾಪಣೆ ಬಂದ ಮೇಲೆ ಎಲ್ಲರಿಗೂ ತೋರಿಸುವ ಎಂದು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಬಂದದ್ದು ಒಂದು ಕಾರ್ಡು. ಮೊದಲ ಎರಡು ಸಾಲು ಓದಿ ಕಿಸೆಗೆ ಹಾಕಿದವನು ಮತ್ತೆ ಹೊರಗೆ ತೆಗೆದಿರಲಿಲ್ಲ. ಆದರೆ ಕಿಸೆ ತೆಳು ಬಟ್ಟೆಯದ್ದು, ಲೋಲಾಕ್ಷಿಯ ಕಣ್ಣು ಚುರುಕು.

ಪಾಣೆಮಂಗಳೂರಿನ ಆ ಸಾಲುಮನೆಗಳಲ್ಲಿ ಟಿ.ವಿ. ಇದ್ದದ್ದು ಲೋಲಾಕ್ಷಿಯ ಮನೆಯಲ್ಲಿ ಮಾತ್ರ. ಗಂಡನ ಜೊತೆ ಹದಿನಾಲ್ಕು ವರ್ಷ ಬೊಂಬಾಯಿಯ ಹೋಟೆಲಿನಲ್ಲಿದ್ದು ಊರಿಗೆ ಮರಳಿದವಳು. ಪ್ರತಿ ಭಾನುವಾರ ಬೀಡಿಯ ಮೊರ ಹಿಡಿದುಕೊಂಡು ಬರುವ ಹೆಂಗಸರಿಗೂ ಅವರ ನಡುವೆ ಕೂರುವ ರಂಜಿತನಿಗೂ ಹಿಂದಿಯನ್ನು ಸಾಲುಸಾಲಾಗಿ ಬಿಡಿಸಿ ಹೇಳುವವಳೂ ಅವಳೇ. ಆ ದಿನದ ಕಂತು ಮುಗಿದು ಉಳಿದವರೆಲ್ಲ ಹೋಗಿದ್ದರು. ನಾಲ್ಕನೇ ಭಾಗವನ್ನು ಮಡಿಲಲ್ಲಿಟ್ಟುಕೊಂಡ ರಂಜಿತ್, ಬೀಡಿ ಕಟ್ಟುತ್ತಿದ್ದ ಪಕ್ಕದ ಮನೆಯ ಜುಲೈಕಾ ಮಾತ್ರ ಉಳಿದಿದ್ದರು.

ಲೋಲಾಕ್ಷಿ: ಅಂದ್ರೆ ಪುಸ್ತಕ ಮೊದಲು, ಟಿ.ವಿ. ಮತ್ತೆ?

ರಂಜಿತ್: ಅರವತ್ತಾರರಲ್ಲಿ ಬರೆದದ್ದಂತೆ.

ಲೋಲಾಕ್ಷಿ: ಆಗ ನೀನು ಹುಟ್ಟಿದ್ದಿಯಾ?

ರಂಜಿತ್: ಇಲ್ಲ.

ಲೋಲಾಕ್ಷಿ: ಹುಟ್ಟುವ ಮೊದಲು ಆದದ್ದಕ್ಕೆ ಹದಿನೈದು ದಿನದ ನೋಟೀಸು. ನಿಮ್ಮ ವಕೀಲರಿಗೆ ಗೊತ್ತುಂಟಾ ಇದು?

ರಂಜಿತ್: ಗೊತ್ತಾದ್ರೆ ನಾಳೆಯಿಂದ ನಾನು ಇಲ್ಲಿಯೇ ಬೀಡಿ ಕಟ್ಟುದು.

ಜುಲೈಕಾ: ನಿಮ್ಮ ಜಗಳ ನಾನು ಹೋದ ಮೇಲೆ ಮಾಡಿ. ಬುಧವಾರ ನನಗೆ ವಿಮಾನ. ಮಗಳು ಹನಾಳ ಹೆರಿಗೆ, ಬಾಣಂತನ ಎಲ್ಲ ಮುಗಿಸಿ ಶಾರ್ಜಾದಿಂದ ಬರುವಾಗ ನಾಲ್ಕು ತಿಂಗಳು. ಅಷ್ಟರಲ್ಲಿ ಕೋಟೆ ಮುಗೀತದೆ. ಇವಳ ಹತ್ರ ಕೇಳಿದೆ, ಕೊನೆ ಎಂಥ ಆಗ್ತದೆ ಅಂತ.

ಲೋಲಾಕ್ಷಿ: ಟಿ.ವಿ.ಯವರು ತೋರಿಸದೆ ನಾನು ಹೇಗೆ ಹೇಳುದು?

ಜುಲೈಕಾ: ಹಾಗೆ ಹೇಳ್ತಾಳೆ. ರಂಜಿತಾ, ನಿನ್ನ ನಾಲ್ಕನೇ ಪುಸ್ತಕದಲ್ಲಿ ಕೊನೆ ಉಂಟಲ್ವಾ. ಆ ತಾಯಿಗೆ ಮಗ ಸಿಗ್ತಾನಾ ಇಲ್ವಾ, ಅಷ್ಟು ಹೇಳು. ತಿಳಿಯದೆ ಹೋದ್ರೆ ನನಗೆ ಅಲ್ಲಿ ಮಗುವನ್ನು ಮೀಯಿಸುವಾಗಲೂ ಅದೇ ತಲೆಯಲ್ಲಿ.

ರಂಜಿತ್: ಯಾವ ತಾಯಿಗೆ?

ಜುಲೈಕಾ: ಯಾವ ತಾಯಿ ಅಂತ ಕೇಳ್ತಾನಲ್ಲ. ದಾಸಿಯ ವೇಷದಲ್ಲಿ ಬಂದು ಹಾಲು ಕೊಡುವವಳು.

ರಂಜಿತ್: ಅದೇ ಹದಿನೇಳನೇ ತಪ್ಪು, ಜುಲೈಕಕ್ಕ. ಪುಸ್ತಕದಲ್ಲಿ ಅವಳು ತಾಯಿಯಲ್ಲ. ದಾಸಿಯೇ. ಹಾಲಿಗೆ ದಿನಾ ಚೂರು ವಿಷ ಹಾಕ್ತಾಳೆ.

ಜುಲೈಕಾ ಬೀಡಿಯ ತಲೆ ಮಡಚುತ್ತಾ ಲೋಲಾಕ್ಷಿಯ ಮುಖ ನೋಡಿದಳು. ಲೋಲಾಕ್ಷಿ ಟಿ.ವಿ.ಗೆ ಹೊದಿಸಲೆಂದು ಹಿಡಿದಿದ್ದ ಕಸೂತಿಯ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡಳು.

ಲೋಲಾಕ್ಷಿ: ಬೆಳ್ಳಿ ಲೋಟದಲ್ಲಿ ಯಾರಾದ್ರೂ ವಿಷ ಕೊಡ್ತಾರಾ? ವಿಷಕ್ಕೆ ಸ್ಟೀಲಿನದ್ದು ಸಾಕು.

ರಂಜಿತ್: ಕುಡಿದ ಮೇಲೆ ಆ ಹುಡುಗ ಪ್ರತಿ ವಾರ ತಲೆ ತಿರುಗಿ ಬೀಳ್ತಾನಲ್ಲ ಲೋಲಕ್ಕ.

ಲೋಲಾಕ್ಷಿ: ದೃಷ್ಟಿ. ಚಂದದ ಹುಡುಗ, ಭಾನುವಾರ ಒಂದೇ ಹೊತ್ತಿಗೆ ದೇಶ ಇಡೀ ನೋಡ್ತದೆ. ತಾಗದೆ ಇರ್ತದಾ?

ರಂಜಿತ್: ಅವನು ಬಿದ್ದ ಮೇಲೆ ಅವಳು ನಗ್ತಾಳೆ.

ಲೋಲಾಕ್ಷಿ: ಮಗ ಹೊಟ್ಟೆ ತುಂಬ ಕುಡಿದ ಅಂತ ಸಂತೋಷ. ನಿನ್ನ ಅಮ್ಮ ನಗುದಿಲ್ವಾ?

ರಂಜಿತ್ ನೆನಪು ಮಾಡಿಕೊಂಡ. ಅವನ ಅಮ್ಮ ನಗುತ್ತಿದ್ದದ್ದು ನಿಜ. ಟಿ.ವಿ.ಯಲ್ಲಿಯ ಹಾಗೆ ಹಿಂದಿನಿಂದ ಗುಡುಗು ಬರುತ್ತಿರಲಿಲ್ಲ, ಅಷ್ಟೇ.

ರಂಜಿತ್: ಮೂರನೇ ಭಾಗದಲ್ಲಿ ಸಿಕ್ಕಿಬೀಳ್ತಾಳೆ. ಆನೆಯ ಕಾಲಿಗೆ ಹಾಕಿ ತುಳಿಸ್ತಾರೆ.

ಲೋಲಾಕ್ಷಿ: ಹೆತ್ತವಳನ್ನು.

ರಂಜಿತ್: ಹೆತ್ತವಳಲ್ಲ ಮಾರಾಯ್ರೆ.

ಲೋಲಾಕ್ಷಿ: ಮತ್ತೆ ಮಾವ? ಗಿಡುಗ ಸಾಕುವ ಮಾವನನ್ನಾದ್ರೂ ಬಿಟ್ಟಿದ್ದಾರಾ ನಿನ್ನ ಪುಸ್ತಕದವರು?

ಗಿಡುಗವನ್ನು ಹೆಗಲ ಮೇಲೆ ಕೂರಿಸಿಕೊಂಡ ಬಿಳಿಗಡ್ಡದ ಮುದುಕ, ಲೋಲಾಕ್ಷಿಯ ಪ್ರಕಾರ, ಹುಡುಗನ ಸೋದರಮಾವ. ಕೋಟೆ ಕುಟುಂಬದ ಆಸ್ತಿ. ಏಳು ಬೀಗದ ಕೀಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಅಳಿಯನಿಗೆ ಪಾಲು ಕೊಡದೆ ಸತಾಯಿಸುತ್ತಿದ್ದಾನೆ. ವಾರಕ್ಕೆ ಮೂರು ಪಾಲಿನ ದಾವೆ ಟೈಪು ಮಾಡುವ ರಂಜಿತನಿಗೆ ಇದರಲ್ಲಿ ಯಾವತ್ತೂ ಸಂಶಯ ಬಂದದ್ದಿಲ್ಲ. ಲೇಖಕರಿಗೆ, ಮಾವನ ಆಸ್ತಿ ಸೋದರಳಿಯನಿಗೆ ಸೇರುವ ಅಳಿಯಸಂತಾನ ಕಟ್ಟಿನ ಪ್ರಾಥಮಿಕ ತಿಳುವಳಿಕೆಯೂ ಇಲ್ಲವೆಂದು ಮೂರನೇ ತಪ್ಪಿನಲ್ಲಿ ಖಡಕ್ಕಾಗಿಯೇ ಬರೆದಿದ್ದ.

ರಂಜಿತ್: ಪುಸ್ತಕದಲ್ಲಿ ಅವನು ಮಾಂತ್ರಿಕ. ಹುಡುಗನಿಗೂ ಅವನಿಗೂ ಸಂಬಂಧವೇ ಇಲ್ಲ.

ಲೋಲಾಕ್ಷಿ: ಸಂಬಂಧ ಇಲ್ಲದವ ಇಷ್ಟು ಉಪದ್ರ ಕೊಡ್ತಾನಾ?

ರಂಜಿತ್: ಅದು ಹೌದು.

ಜುಲೈಕಾ: ಹಾರುವ ಕುದುರೆ ಉಂಟಾ ಪುಸ್ತಕದಲ್ಲಿ?

ರಂಜಿತ್: ಉಂಟು. ಅದೊಂದು ಸರಿ ಉಂಟು.

ಲೋಲಾಕ್ಷಿ: ನೋಡು ಜುಲೈಕಾ, ಕುದುರೆ ಹಾರ್ತದೆ ಅಂದ್ರೆ ನಂಬ್ತಾನೆ. ತಾಯಿ ಹಾಲು ಕೊಡ್ತಾಳೆ ಅಂದ್ರೆ ದಾಖಲೆ ಬೇಕು.

ಜುಲೈಕಾ: ಅದಿರ್ಲಿ. ಕೊನೆ ಹೇಳು ನೀನು.

ರಂಜಿತ್: ಕೊನೆಯಲ್ಲಿ ಹುಡುಗ ಏಳನೇ ಬೀಗ ತೆಗೀತಾನೆ.

ಜುಲೈಕಾ: ಒಳಗೆ?

ರಂಜಿತ್: ಯಾರೂ ಇಲ್ಲ. ಕೋಣೆ ಖಾಲಿ.

ಜುಲೈಕಾ: ನಾಲ್ಕು ಪುಸ್ತಕಕ್ಕೆ ಒಂದು ಖಾಲಿ ಕೋಣೆಯಾ?

ರಂಜಿತ್: ಅದರಲ್ಲಿ ಒಂದು ಅರ್ಥ ಉಂಟು ಜುಲೈಕಕ್ಕ.

ಜುಲೈಕಾ: ಅರ್ಥ ಕಟ್ಟಿಕೊಂಡು ನಾನು ಶಾರ್ಜಾಕ್ಕೆ ಹೋಗುದಾ? ಆ ಕಾರ್ಡಿನಲ್ಲಿ ಮತ್ತೆಂಥ ಬರೆದಿದ್ದಾರೆ ನೋಡು. ಇಷ್ಟು ಸಣ್ಣ ಅಕ್ಷರದಲ್ಲಿ ತುಂಬಿಸಿದ್ದಾರೆ, ಬರೀ ಬೈದದ್ದಾಗಿರಲಿಕ್ಕಿಲ್ಲ.

ರಂಜಿತ್ ಕಾರ್ಡನ್ನು ತೆಗೆದ. ಓದಿ ಅವಮಾನವಾಗುವುದಿದ್ದರೆ ಇಬ್ಬರ ಎದುರೇ ಆಗಿ ಮುಗಿಯಲಿ ಎಂದು ಗಟ್ಟಿಯಾಗಿ ಓದತೊಡಗಿದ.

ರಂಜಿತ್: “ಇದಲ್ಲದೆ, ನಮ್ಮ ಕಚೇರಿಯಲ್ಲಿ ಎಲ್ಲರೂ ಸದರಿ ಧಾರಾವಾಹಿಯನ್ನು ತಪ್ಪದೆ ನೋಡುತ್ತೇವೆ. ಅದರಲ್ಲಿಯೂ ದಾಸಿ ವಿಷವನ್ನೇ ಹಾಕುತ್ತಾಳೆ. ಗಿಡುಗದವನು ಮಾಂತ್ರಿಕನೇ. ತಾವು ಪಟ್ಟಿ ಮಾಡಿದ ನಲವತ್ತೊಂದು ವ್ಯತ್ಯಾಸಗಳಲ್ಲಿ ಮೂವತ್ತೆಂಟು ನಮ್ಮ ಟಿ.ವಿ.ಯಲ್ಲಿ ಕಂಡುಬಂದಿಲ್ಲ. ತಮ್ಮ ಊರಿನಲ್ಲಿ ಬೇರೆ ಧಾರಾವಾಹಿ ಬರುತ್ತಿದೆಯೆ? ಕುತೂಹಲವಿದೆ, ತಿಳಿಸಿ.”

ಓದಿ ಮುಗಿದರೂ ಅವನು ಕಾರ್ಡಿನಿಂದ ತಲೆ ಎತ್ತಲಿಲ್ಲ. ಲೋಲಾಕ್ಷಿ ಹೆಗಲ ಮೇಲಿನ ಬಟ್ಟೆ ತೆಗೆದು ಟಿ.ವಿ.ಗೆ ಹೊದಿಸಿದಳು. ನಾಲ್ಕೂ ಮೂಲೆ ಎಳೆದು ಸರಿ ಮಾಡಿದಳು. ಸರಿಯಾಗಿದ್ದ ಮೂಲೆಯನ್ನು ಇನ್ನೊಮ್ಮೆ ಎಳೆದಳು.

ಲೋಲಾಕ್ಷಿ: ನಮ್ಮ ಆಂಟೆನಾ ಸ್ವಲ್ಪ ವಾಲಿದೆ.

ರಂಜಿತ್: ಆಂಟೆನಾ ವಾಲಿದ್ರೆ ಚಿತ್ರ ಮಸುಕಾಗ್ತದೆ. ದಾಸಿ ತಾಯಿಯಾಗುದಿಲ್ಲ.

ಲೋಲಾಕ್ಷಿ: ಗಾಳಿ ಜೋರಿದ್ರೆ ಏನೂ ಆಗ್ತದೆ.

ರಂಜಿತ್: ಲೋಲಕ್ಕ, ಹದಿನಾಲ್ಕು ವರ್ಷ ಬೊಂಬಾಯಿಯಲ್ಲಿ ಇದ್ರಲ್ಲ ನೀವು.

ಲೋಲಾಕ್ಷಿ: ಇದ್ದೆ. ಹೋಟೆಲಿನ ಅಡಿಗೆಕೋಣೆಯಲ್ಲಿ. ರುಬ್ಬುವವ ಬೆಳ್ತಂಗಡಿಯವ, ದೋಸೆ ಹೊಯ್ಯುವವ ಕಲ್ಲಡ್ಕದವ, ಎಲ್ಲ ನಮ್ಮ ಕಡೆಯವರೇ. ಹಿಂದಿ ಎಲ್ಲ ಹೊರಗೆ, ಗಿರಾಕಿಗಳ ಹತ್ರ. ಒಳಗೆ ಯಾರ ಹತ್ರ ಮಾತಾಡುದು, ಗ್ರೈಂಡರಿನ ಹತ್ರವಾ?

ರಂಜಿತ್: ಮತ್ತೆ ಯಾಕೆ...

ಲೋಲಾಕ್ಷಿ: ಟಿ.ವಿ. ತಂದ ಮೊದಲ ಭಾನುವಾರ ಆರು ಜನ ಬಂದು ಕೂತ್ರು. ಆ ಗಡ್ಡದವ ಬಾಯಿ ತೆರೆದ ಕೂಡ್ಲೆ ಎಲ್ಲರೂ ಅವನನ್ನು ಬಿಟ್ಟು ನನ್ನನ್ನು ನೋಡಿದ್ರು. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ. ಏನೋ ಹೇಳಿದೆ. ಮುಂದಿನ ವಾರ ಒಂಬತ್ತು ಜನ ಬಂದ್ರು.

ಒಂದೂವರೆ ವರ್ಷ ನಂಬಿದ್ದ ಲೋಲಾಕ್ಷಿಯ ಸಾಕ್ಷಿ ತನ್ನ ಕಣ್ಣೆದುರೇ ಬಿದ್ದುಹೋದದ್ದನ್ನು ರಂಜಿತ್ ನೋಡಿದ. ಹೈಸ್ಕೂಲಿನಲ್ಲಿ ಹಿಂದಿಗೆ ಮೂವತ್ತಾರು ಅಂಕದ ಬದಲು ನಲವತ್ತು ತೆಗೆದಿದ್ದರೆ ಈ ಕಾರ್ಡು ಬರುತ್ತಿರಲಿಲ್ಲ. ಆದರೂ ಗೆದ್ದದ್ದು ಪುಸ್ತಕ ತಾನೇ. ಸ್ವಲ್ಪ ನೆಟ್ಟಗೆ ಕೂತ.

ರಂಜಿತ್: ನಿಮಗೆ ದೊಡ್ಡ ಮೋಸ ಆಯ್ತು ಜುಲೈಕಕ್ಕ.

ಜುಲೈಕಾ: ಎಂಥ ಮೋಸ? ನನಗೆ ಮೊದಲ ವಾರವೇ ಗೊತ್ತಿತ್ತು. ನನ್ನ ಉಮ್ಮ ಹುಬ್ಬಳ್ಳಿಯವರು. ನಮ್ಮನ್ನು ಬೈದು ಬೆಳೆಸಿದ್ದೇ ಉರ್ದುವಿನಲ್ಲಿ. ಟಿ.ವಿ.ಯಲ್ಲಿ ಹೇಳುದು ನನಗೆ ಪೂರ್ತಿ ಗೊತ್ತಾಗ್ತದೆ.

ಲೋಲಾಕ್ಷಿ ಕುರ್ಚಿಯ ಅಂಚಿನಲ್ಲಿ ಕೂತಳು.

ಲೋಲಾಕ್ಷಿ: ಗೊತ್ತಿದ್ದೂ ಬಾಯಿ ಮುಚ್ಚಿ ಕೂತದ್ದಾ ನೀನು?

ಜುಲೈಕಾ: ಬಾಯಿ ಎಲ್ಲಿ ಮುಚ್ಚಿದ್ದು? ಎರಡನೇ ವಾರ ನಿನಗೆ ಮುಂದೆ ತೋಚದೆ ಕೆಮ್ಮಿಕೊಂಡು ಕೂತಾಗ, ‘ಅವ ಹುಡುಗನ ಮಾವನಾ ಲೋಲಾಕ್ಷಿ’ ಅಂತ ಕೇಳಿದ್ದು ಯಾರು?

ಲೋಲಾಕ್ಷಿ: ನೀನು.

ಜುಲೈಕಾ: ಮತ್ತೆ.

ಹಾಗಾದರೆ ಮೂರನೇ ತಪ್ಪು ಜುಲೈಕಾಳದ್ದು, ಹದಿನೇಳನೆಯದ್ದು ಲೋಲಾಕ್ಷಿಯದ್ದು, ಕೆಳಗಿನ ಸಹಿ ಮಾತ್ರ ತನ್ನದು. ರಂಜಿತ್ ನಾಲ್ಕನೇ ಭಾಗವನ್ನು ಮಡಿಲಿಂದ ತೆಗೆದು ಪಕ್ಕಕ್ಕಿಟ್ಟ. ಕೇಳಬಾರದ ಪ್ರಶ್ನೆಯೆಂದು ಗೊತ್ತಿದ್ದೂ, ಪುಸ್ತಕದ ಪರವಾಗಿ ಒಂದು ಮಾತಾದರೂ ಸಿಗಲಿ ಎಂದು ಕೇಳಿಯೇಬಿಟ್ಟ.

ರಂಜಿತ್: ಮೂರೂ ಗೊತ್ತಿರುವವರು ಈಗ ನೀವೊಬ್ರೇ ಜುಲೈಕಕ್ಕ. ಟಿ.ವಿ.ಯದ್ದು, ಪುಸ್ತಕದ್ದು, ಲೋಲಕ್ಕನದ್ದು. ಇವರ ಎದುರೇ ಹೇಳಿ. ಯಾವುದು ಒಳ್ಳೆದು?

ಲೋಲಾಕ್ಷಿ ಕಿಟಕಿಯಿಂದ ಆಂಟೆನಾ ನೋಡತೊಡಗಿದಳು. ಜುಲೈಕಾ ಕಟ್ಟಿದ ಬೀಡಿಗೆ ನೂಲು ಸುತ್ತಿ, ಕತ್ತರಿಯಿಂದ ತುಂಡು ಮಾಡಿದಳು.

ಜುಲೈಕಾ: ಟಿ.ವಿ.ಯದ್ದು ಒಳ್ಳೆದು. ಪುಸ್ತಕ ಅಡ್ಡಿ ಇಲ್ಲ. ಇವಳದ್ದು ಪೂರ್ತಿ ಸುಳ್ಳು. ಆದ್ರೆ ನಾನು ಶಾರ್ಜಾದಿಂದ ಬರುವವರೆಗೆ ಮುಗಿಯದೆ ಕಾಯುದು ಅದೊಂದೇ.