ಲುಮಿಂಗ್ ತುಂಬಿಸಿಟ್ಟ ಡಬ್ಬಿ

ಎಲ್ಲ ರಗಳೆಗೂ ಕಾರಣ ಏಳು ಮನೆಗಳ ಒಂದು ಪ್ಲಾಸ್ಟಿಕ್ ಡಬ್ಬಿ. ದಿನಕ್ಕೊಂದು ಮನೆ, ಮನೆಗೆರಡು ಮಾತ್ರೆ. ಹರ್ಮೊನ ರಕ್ತದೊತ್ತಡಕ್ಕೆ ಅಮ್ಲೋಡಿಪಿನ್, ಎದೆಬಡಿತವನ್ನು ಹದ್ದುಬಸ್ತಿನಲ್ಲಿಡಲು ಇನ್ನೊಂದು. ಹೆಂಡತಿ ಲುಮಿಂಗ್ ಪ್ರತಿ ಭಾನುವಾರ ಅದನ್ನು ತುಂಬಿಸಿಡುತ್ತಿದ್ದಳು. ಮೂವತ್ತು ವರ್ಷ ಫಿಲಿಪ್ಪೀನ್ಸಿನ ಬತಂಗಾಸಿನಲ್ಲಿ ಜೀಪ್ನಿ ಬಸ್ಸು ಓಡಿಸಿದ ಮಹಾನುಭಾವನಿಗೆ ಯಾವ ಮಾತ್ರೆ ಯಾವುದಕ್ಕೆಂದು ಇವತ್ತಿಗೂ ಗೊತ್ತಿಲ್ಲ. ಭಾನುವಾರ ಡಬ್ಬಿ ತುಂಬಿತು, ಸೋಮವಾರ ಲುಮಿಂಗ್ ಹೋಗಿಬಿಟ್ಟಳು.

ಅಂದಿನಿಂದ ಅವನು ಒಂದು ಮಾತ್ರೆಯನ್ನೂ ಮುಟ್ಟಿಲ್ಲ. ನುಂಗಿದರೆ ಅವಳ ಕೈಯಿಂದ ಇಟ್ಟದ್ದು ಮುಗಿದುಹೋಗುತ್ತದಲ್ಲ! ರಾತ್ರಿ ಡಬ್ಬಿಗೆ ಮುತ್ತಿಟ್ಟು ದಿಂಬಿನಡಿ ಇಟ್ಟುಕೊಳ್ಳುತ್ತಿದ್ದ, ಹಗಲು ಅಂಗಿಯೊಳಗೆ.

ಸತ್ತವರಿಗಾಗಿ ಒಂಬತ್ತು ದಿನ ನಡೆಯುವ ಜಪ ಇವತ್ತು ಮುಗಿಯಬೇಕಿತ್ತು. ಅಂಗಳದಲ್ಲಿ ಪಾನ್ಸಿಟ್ ಶಾವಿಗೆ ಬೇಯುತ್ತಿತ್ತು. ಜಪ ಹೇಳಿಸಲು ಬಂದವಳು ಪಕ್ಕದ ಮನೆಯ ಪಾಸಿಂಗ್. ಊರ ಉಸಾಬರಿಯೆಲ್ಲ ಅವಳದೇ. ಅವಳ ದನಿ ಕೇಳಿದರೆ ಹರ್ಮೊನಿಗೆ ಮೈ ಉರಿ.

"ಯಾಕೋ ಮುಖ ಹಿಂಗೆ ಕೆಂಪಗಾಗಿದೆ? ಮಾತ್ರೆ ತಗೊಂಡ್ಯಾ?"

"ತಗೊಂಡೆ ಮಾರಾಯ್ತಿ. ನಿನ್ ಜಪ ನೀನ್ ನೋಡ್ಕೊ."

ಜಪಕ್ಕೆಂದು ಅವನು ಮೊಣಕಾಲೂರಿದ್ದೇ ತಡ, ಅಂಗಿಯೊಳಗಿಂದ ಗಲಗಲ ಸದ್ದು. ಎಲ್ಲರೂ ತಿರುಗಿದರು. ಹರ್ಮೊ ಕೆಮ್ಮಿ ಮುಚ್ಚಿಹಾಕಲು ಹೋದ. ಕೆಮ್ಮಿದಷ್ಟೂ ಡಬ್ಬಿ ಗಿಲಕಿಯ ಹಾಗೆ ಆಡಿತು. ಎದ್ದು ಓಡಲು ನೋಡಿದವನು ತಲೆ ತಿರುಗಿ, ಪಕ್ಕದಲ್ಲಿಟ್ಟಿದ್ದ ಬಿಸಿ ಕಾಫಿ ಲೋಟಗಳ ತಟ್ಟೆಯ ಸಮೇತ ಬೆಂಚಿನ ಮೇಲೆ ಕುಸಿದ.

ಆರೋಗ್ಯ ಕೇಂದ್ರದ ಬೆಲೆನ್ ಓಡಿಬಂದು ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿದಳು. "ಅಯ್ಯಯ್ಯೋ, ನೂರ ತೊಂಬತ್ತೆಂಟು! ಮಾಮ, ಇನ್ನೂ ಒಂಬತ್ತು ದಿನ ನಮ್ ಕೈಲಿ ಜಪ ಮಾಡಿಸ್ಬೇಕು ಅಂತಿದ್ದೀರಾ?"

ಒಬ್ಬ ಬೆಳ್ಳುಳ್ಳಿ ತಂದ, ಇನ್ನೊಬ್ಬ ಬೀಸಣಿಗೆ ಬೀಸುತ್ತ ಮೂಗಿಗೇ ಹೊಡೆದ. ಪಾಸಿಂಗ್ ಮಾತ್ರ ಸೀದಾ ಅವನ ಅಂಗಿಯೊಳಗೆ ಕೈ ಹಾಕಿದಳು. ಡಬ್ಬಿಯ ಅಷ್ಟೂ ಮನೆಗಳು ತುಂಬಿದ್ದವು.

"ಕೊಡೇ ಅದನ್ನ!" ಹರ್ಮೊ ಮಗುವಿನಂತೆ ಅತ್ತುಬಿಟ್ಟ. "ಅವಳು ಕೊನೇ ಸಲ ತುಂಬಿಸಿದ್ದು ಕಣೇ. ಅವಳ ಕೈಯದು ಅಂತ ನನ್ ಹತ್ರ ಇನ್ನೇನಿದೆ?"

ಪಾಸಿಂಗ್ ಬಂದು ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಯಾರೂ ಹಿಂದೆಂದೂ ಕಂಡ ದೃಶ್ಯವಲ್ಲ ಅದು.

"ಹರ್ಮೊ," ಎಂದಳು ಮೆಲ್ಲಗೆ, "ಅದು ನಾನು ತುಂಬಿಸಿದ್ದು. ಒಂದು ವರ್ಷದಿಂದ ನಾನೇ. ಅವಳ ಕಣ್ಣಿಗೆ ಪೊರೆ ಬಂದಿತ್ತು, ಮಾತ್ರೆ ಗುರುತು ಸಿಕ್ತಿರ್ಲಿಲ್ಲ. 'ಅವನಿಗೆ ಹೇಳ್ಬೇಡ ಪಾಸಿಂಗ್, ನಿನ್ ಕೈಯದು ಅಂದ್ರೆ ಉಗೀತಾನೆ, ನನ್ ಕೈಯದು ಅಂದ್ರೆ ನುಂಗ್ತಾನೆ' ಅಂತಿದ್ಲು."

ಹರ್ಮೊ ಡಬ್ಬಿಯನ್ನೇ ನೋಡಿದ. ಎಂಟು ರಾತ್ರಿ ಮುತ್ತಿಟ್ಟದ್ದು ಪಾಸಿಂಗಳ ಕೈಗೆ! ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಬೆಲೆನ್ ಆಸ್ಪತ್ರೆಗೆ ಗಾಡಿ ಕರೆಯಲು ಹೊರಗೋಡಿದಳು.

"ನುಂಗು," ಎಂದಳು ಪಾಸಿಂಗ್, ಮಂಗಳವಾರದ ಮುಚ್ಚಳ ತೆಗೆದು. "ಬರೋ ಭಾನುವಾರ ನಾನೇ ತುಂಬಿಸಿಕೊಡ್ತೀನಿ."

ಹರ್ಮೊ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ಕೂತ. "ಒಂದು ವರ್ಷ," ಎಂದ, "ಒಂದೇ ಮನೇಲಿದ್ವಿ. ಅವಳಿಗೆ ಕಣ್ಣು ಕಾಣ್ತಿಲ್ಲ ಅಂತ ನಂಗೆ ಗೊತ್ತೇ ಆಗ್ಲಿಲ್ವಲ್ಲೇ, ಪಾಸಿಂಗ್."

ಪಾಸಿಂಗ್ ನೀರಿನ ಲೋಟವನ್ನು ಅವನ ಮುಂದೆ ಹಿಡಿದಳು.