ಕಾಲುದಾರಿಯ ದಿಗ್ವಿಜಯ

"ಇವತ್ತಿನಿಂದ ಡ್ಯೂಕ್‌ಗೆ ಹಗ್ಗ ಹಾಕಲ್ಲ! ಆ ಮೆಟ್ಕಾಫ್ ಏನು ಬೇಕಾದ್ರೂ ಬರೆದು ನೇತುಹಾಕ್ಲಿ!" ಎಂದು ಬರ್ನಾರ್ಡ್ ಥ್ವೇಟ್ ಚಹಾದ ಬಟ್ಟಲನ್ನು ಮೇಜಿಗೆ ಕುಟ್ಟಿದರು.

ಮೆಟ್ಕಾಫ್ ಪಕ್ಕದ ಹುಲ್ಲುಗಾವಲಿನ ರೈತ. ಹೊಲ ಅವನದು, ಅದರ ನಡುವೆ ಹಾದುಹೋಗುವ ಕಾಲುದಾರಿ ಮಾತ್ರ ಊರಿನವರೆಲ್ಲರದು; ಯಾರ್ಕ್‌ಷೈರಿನಲ್ಲಿ ಮುತ್ತಜ್ಜಂದಿರ ಕಾಲದಿಂದಲೂ ಹೀಗೇ. 'ಕುರಿಗಳಿವೆ, ನಾಯಿಗೆ ಹಗ್ಗವಿರಲಿ' ಎಂದು ಅವನು ಗೇಟಿಗೆ ಹಲಗೆ ಹಾಕಿದ್ದೇ ತಡ, ನಿವೃತ್ತ ಮುಖ್ಯೋಪಾಧ್ಯಾಯ ಬರ್ನಾರ್ಡರ ಸ್ವಾಭಿಮಾನಕ್ಕೆ ಕಿಚ್ಚು ಹತ್ತಿತ್ತು. ಊರಿನ ಮಕ್ಕಳಿಗೆಲ್ಲ ಶಿಸ್ತು ಕಲಿಸಿದವರಿಗೆ ಒಂದು ನಾಯಿ ಯಾವ ಲೆಕ್ಕ!

"ಡ್ಯೂಕ್ ಕುರಿ ಕಾಯೋ ಜಾತಿ ಮಾರಾಯ, ರಕ್ತದಲ್ಲಿರೋದು ಎಲ್ಲಿ ಹೋಗತ್ತೆ?" ಎಂದಳು ಹೆಂಡತಿ ವಿನಿಫ್ರೆಡ್.

"ಹುಟ್ಟಿದಾಗಿಂದ ಸೋಫಾ ಮೇಲೆ ಬಿದ್ಕೊಂಡಿರೋ ನಾಯಿ ವಿನ್ನೀ! ಅದು ಕುರಿ ನೋಡಿರೋದು ಭಾನುವಾರದ ಊಟದ ತಟ್ಟೇಲಿ ಮಾತ್ರ!"

"ಸರಿ, ಹೋಗ್ತಾ ನಮ್ಮ ಗೇಟಾದ್ರೂ ಹಾಕು. ನಾಳೆ ತರಕಾರಿ ಪ್ರದರ್ಶನ. ನನ್ನ ಕೋಸಿಗೆ ಏನಾದ್ರೂ ಆದ್ರೆ ನೀನು ನಾಯಿಗೂಡಲ್ಲೇ ಮಲಗ್ಬೇಕು."

"ಗೇಟು ಹೇಗೆ ಸಿಕ್ತೋ ಹಾಗೇ ಬಿಡ್ಬೇಕು ಅನ್ನೋ ನಿಯಮ ಈ ಊರಿಗೆ ಕಲಿಸಿದ್ದೇ ನಾನು! ನನಗೇ ಪಾಠವೇ?"

ಪ್ರದರ್ಶನದ ಸ್ಪರ್ಧೆಯಲ್ಲಿ ಪ್ರತಿವರ್ಷ ಪಾದ್ರಿಯ ಕೋಸಿನೆದುರು ಸೋತು ಬರುತ್ತಿದ್ದ ವಿನಿಫ್ರೆಡ್ ಈ ಸಲ ಹಸುಗೂಸಿನಂತೆ ಸಾಕಿದ್ದ ಕೋಸುಗಳವು. ಬರ್ನಾರ್ಡರು ಮಾತ್ರ ಎಷ್ಟು ಗತ್ತಿನಿಂದ ಹೊರಟರೆಂದರೆ, ಮನೆಯ ಗೇಟು ಹಾಕುವುದೇ ಮರೆತುಹೋಯಿತು.

ಹುಲ್ಲುಗಾವಲಿನಲ್ಲಿ ಮೆಟ್ಕಾಫ್ ಕಲ್ಲಿನ ಗೋಡೆ ಸರಿಮಾಡುತ್ತಿದ್ದ. "ಹಗ್ಗ ಎಲ್ಲಿ ಯಜಮಾನ್ರೇ?"

"ಶಿಸ್ತೇ ಹಗ್ಗ ಮೆಟ್ಕಾಫ್, ಶಿಸ್ತೇ ಹಗ್ಗ!" ಎಂದವರು ಒಳಬಂದ ಗೇಟನ್ನೂ ಹಾಕದೆ ಎದೆಯುಬ್ಬಿಸಿ ನಡೆದರು.

ಅಷ್ಟರಲ್ಲಿ ಡ್ಯೂಕ್ ಹುಲ್ಲಿಗೆ ಹೊಟ್ಟೆ ತಾಗಿಸಿ ಮಲಗಿತು. ಆಮೇಲೆ ಬಾಣದಂತೆ ಚಿಮ್ಮಿತು! ಚದುರಿದ ಕುರಿಗಳನ್ನು ಒಟ್ಟುಗೂಡಿಸಿ ಒಡೆಯನ ಕಾಲಬುಡಕ್ಕೆ ತಂದೊಪ್ಪಿಸುವುದು ಆ ಜಾತಿಯ ಧರ್ಮ. ಬರ್ನಾರ್ಡರು ತಿರುಗಿ ನೋಡುವಷ್ಟರಲ್ಲಿ ಇಡೀ ಮಂದೆ ಅವರತ್ತ ಬರುತ್ತಿತ್ತು.

"ಡ್ಯೂಕ್! ಕೂತ್ಕೋ! ಕೂತ್ಕೋ ಅಂದೆ!"

ಶಹಭಾಸ್ ಎಂದರೇನೋ ಅಂದುಕೊಂಡು ಡ್ಯೂಕ್ ಇನ್ನಷ್ಟು ಹುರುಪಿನಿಂದ ಅಟ್ಟಿತು. ಬರ್ನಾರ್ಡರು ಓಟ ಕಿತ್ತರು.

"ಓಡ್ಬೇಡಿ! ನೀವು ನಿಂತ್ರೆ ಅವೂ ನಿಲ್ತವೆ!" ಮೆಟ್ಕಾಫ್ ಕೂಗಿದ. ಕೇಳುವವರು ಯಾರು? ಒಡೆಯ ಮುಂದೆ, ಮಂದೆ ಹಿಂದೆ, ಅದರ ಹಿಂದೆ ಡ್ಯೂಕ್. ತೆರೆದ ಗೇಟು ದಾಟಿ, ಓಣಿ ದಾಟಿ, ಇನ್ನೊಂದು ತೆರೆದ ಗೇಟು ದಾಟಿ ದಿಗ್ವಿಜಯದ ಮೆರವಣಿಗೆ ನೇರ ಕೋಸಿನ ಪಾತಿಗೇ ಇಳಿಯಿತು!

ವಿನಿಫ್ರೆಡ್ ಪೊರಕೆ ಹಿಡಿದು ಬರುವ ಹೊತ್ತಿಗೆ ದಂಟುಗಳಷ್ಟೇ ಉಳಿದಿದ್ದವು. ಅವಳು ಕಣ್ಣು ತುಂಬಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬರ್ನಾರ್ಡರು ಬಾಗಿ, ಮುರಿದ ಒಂದು ದಂಟನ್ನು ನೆಟ್ಟಗೆ ನಿಲ್ಲಿಸಲು ನೋಡಿದರು.

ಏದುಸಿರು ಬಿಡುತ್ತ ಬಂದ ಮೆಟ್ಕಾಫ್ ಗೇಟಿನ ಹೊರಗೇ ನಿಂತು ಟೋಪಿ ತೆಗೆದ. "ಒಳಗೆ ಬರಬಹುದಾ ಅಮ್ಮಾವ್ರೇ? ಇಲ್ಲಿ ಊರಿನ ಕಾಲುದಾರಿ ಇಲ್ಲ ನೋಡಿ, ಅದಕ್ಕೇ ಕೇಳ್ದೆ."

ಬರ್ನಾರ್ಡರು ಆದರೂ ಗತ್ತು ಬಿಡದೆ ಮೀಸೆ ತಿರುವಿದರು. "ನಿನ್ನ ಕುರಿಗಳಿಗೆ ಶಿಸ್ತು ಅನ್ನೋದೇ ಇಲ್ಲ ಮೆಟ್ಕಾಫ್!"

"ಯಾಕಿಲ್ಲ ಯಜಮಾನ್ರೇ? ಗೇಟು ತೆರೆದಿತ್ತು, ತೆರೆದ ಹಾಗೇ ಬಿಟ್ಟು ಬಂದಿವೆ. ನೀವು ಕಲಿಸಿದ ನಿಯಮಾನೇ ಅಲ್ವಾ!" ಎಂದು ಮೆಟ್ಕಾಫ್ ಡ್ಯೂಕ್‌ನ ತಲೆ ಸವರಿದ. "ನಾಯಿ ಮಾತ್ರ ಚಿನ್ನ ಅಮ್ಮಾವ್ರೇ. ಒಂದು ಕುರೀನೂ ತಪ್ಪಿಸ್ಕೊಳ್ಳೋಕೆ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ನನ್ನ ಜೊತೆ ಕೆಲಸಕ್ಕೆ ಕಳಿಸ್ತೀರಾ?"

ವಿನಿಫ್ರೆಡ್ ಕಣ್ಣೊರೆಸಿಕೊಂಡು ಎದ್ದಳು. ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಹಗ್ಗ ತಂದಳು.

"ಧಾರಾಳವಾಗಿ ಕರ್ಕೊಂಡು ಹೋಗಿ," ಎಂದಳು, ಗಂಡನನ್ನು ನೆತ್ತಿಯಿಂದ ಕಾಲಿನವರೆಗೆ ಅಳೆಯುತ್ತ. "ಹಗ್ಗ ಮಾತ್ರ ಇಲ್ಲೇ ಇರ್ಲಿ. ಅದು ಬೇಕಾಗಿರೋ ಪ್ರಾಣಿ ಮನೇಲೇ ಇದೆ."